ಪೊರ್ಬುಗಳ ಬ್ಯಾಟರಿ ಕೆಲಸಕ್ಕೆ ಸೇರಿದ್ದು

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಮಂಗಳೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದು, ಬೋಳಾರದಲ್ಲಿ ಎರಡು ಕೋಣೆ ಹುಡುಕುತ್ತಿದ್ದೆ. ಮದುವೆಯಾಗಿರಲಿಲ್ಲ. ಮದುವೆಯಾಗದ ಗಂಡಸಿಗೆ ಕೋಣೆ ಕೊಡಲು ಯಾರೂ ತಯಾರಿರಲಿಲ್ಲ. ಕೊನೆಗೆ ಯಾರೋ ನದಿಯ ಕಡೆಯ ಒಂದು ದೊಡ್ಡ ಹಿತ್ತಿಲಿನ ಮನೆಯನ್ನು ತೋರಿಸಿದರು. ಮನೆಯ ಯಜಮಾನರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಅಂಥವರನ್ನು ನಮ್ಮ ತುಳುವಿನಲ್ಲಿ ಪೊರ್ಬುಗಳು ಎನ್ನುವುದು ರೂಢಿ. ನಾನೂ ಅವರನ್ನು ಹಾಗೆಯೇ ಕರೆದೆ. ನೇತ್ರಾವತಿಯ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಅವರಿಗೆ ತಂದೆಯಿಂದ ಬಂದ ಪಾಲಿತ್ತು. ಹಾಗಾಗಿ ಅವರು ಬೇರೆ ಯಾವ ಕೆಲಸವನ್ನೂ ಮಾಡಬೇಕಾಗಿರಲಿಲ್ಲ. ಮಾಡುತ್ತಲೂ ಇರಲಿಲ್ಲ.

"ಮಾಷ್ಟ್ರು ಎಂತ ಕಲಿಸುವುದು?" ಎಂದು ಕೇಳಿದರು.

"ವಿಜ್ಞಾನ. ಹೆಚ್ಚಾಗಿ ಭೌತಶಾಸ್ತ್ರ."

"ಅದರಲ್ಲಿ ಕರೆಂಟ್ ಬರ್ತದಾ?"

"ಬರ್ತದೆ."

"ಬ್ಯಾಟ್ರಿ?"

"ಅದೂ ಒಂದು ಪಾಠ ಉಂಟು."

"ಹಾಗಾದ್ರೆ ನಾಳೆಯೇ ಸಾಮಾನು ತನ್ನಿ."

ನನ್ನ ಜಾತಿ, ಊರು, ನಡತೆ ಒಂದನ್ನೂ ಕೇಳಲಿಲ್ಲ. ನನಗಿಂತ ಮೊದಲು ಬಂದು ಕೇಳಿದ್ದ ಕೋರ್ಟಿನ ಗುಮಾಸ್ತನೊಬ್ಬನಿಗೆ ಜಾಗ ಇಲ್ಲ ಎಂದಿದ್ದರಂತೆ. ಅವನಿಗೆ ಬ್ಯಾಟರಿಯ ವಿಷಯ ಗೊತ್ತಿರಲಿಲ್ಲ. ದೇವರು ಅವನ ಕೈ ಬಿಟ್ಟಿರಲಿಲ್ಲ ಎಂದು ನನಗೆ ಆಮೇಲೆ ಅನಿಸಿತು.

ಮರುದಿನ ಟ್ರಂಕು ಇಳಿಸುವ ಮೊದಲೇ ಪೊರ್ಬುಗಳು ನನ್ನನ್ನು ಮನೆಯ ಬದಿಯ ಶೆಡ್ಡಿಗೆ ಕರೆದುಕೊಂಡು ಹೋಗಿ, ಮೇಣಬಟ್ಟೆಯ ಹೊದಿಕೆಯನ್ನು ಎರಡೂ ಕೈಗಳಿಂದ ಎತ್ತಿದರು. ಒಳಗೆ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ನಿಂತಿತ್ತು. ಮೂತಿಯೇ ಮುಕ್ಕಾಲು ಪಾಲು. ಮನುಷ್ಯರು ಕೂರುವ ಜಾಗ ಕೊನೆಯಲ್ಲಿ ನೆನಪಾಗಿ ಸೇರಿಸಿದ ಹಾಗಿತ್ತು. ಸೈಕಲ್ಲಿನಂತೆ ಕಡ್ಡಿಗಳಿದ್ದ ಚಕ್ರ. ಮೇಲೆ ಮುಚ್ಚಲು ಮಾಡು ಇಲ್ಲ; ಒಂದು ಕ್ಯಾನ್ವಾಸಿನ ಕೊಡೆ ಇತ್ತಂತೆ, ಇಲಿ ತಿಂದಿತ್ತು. ಕಾಫಿ ವ್ಯಾಪಾರದ ಒಬ್ಬ ಇಂಗ್ಲಿಷಿನವನು ತನ್ನ ದೇಶಕ್ಕೆ ಮರಳುವಾಗ ಅದನ್ನು ಇವರಿಗೆ ದಾಟಿಸಿ ಹೋಗಿದ್ದ. ಹಡಗು ಹತ್ತುವಾಗ ಅವನು ಬಹಳ ಸಂತೋಷದಲ್ಲಿದ್ದನೆಂದು ಪೊರ್ಬುಗಳೇ ಹೇಳುತ್ತಿದ್ದರು. ಯಾಕೆಂದು ಅವರು ಯೋಚಿಸಿದಂತಿರಲಿಲ್ಲ.

ಮಂಗಳೂರಿನಂಥ ಊರಿನಲ್ಲಿ ಮಾಡೇ ಇಲ್ಲದ ಕಾರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆಯ ರಜೆ. ಉಳಿದ ಎಂಟು ತಿಂಗಳಿಗೂ ಪೊರ್ಬುಗಳ ಬಳಿ ಕಾರಣಗಳಿದ್ದವು. ಬಿಸಿಲಿಗೆ ಬಣ್ಣ ಹೋಗುತ್ತದೆ, ಮಣ್ಣಿನ ರಸ್ತೆಗೆ ಚಕ್ರ ಹಾಳಾಗುತ್ತದೆ, ಪೇಟೆಯಲ್ಲಿ ದನಗಳಿಗೆ ಶಿಸ್ತಿಲ್ಲ. ನಿಜವಾದ ಕಾರಣ ಬೇರೆಯೇ ಇತ್ತು. ಅವರಿಗೆ ಕಾರು ಬಿಡಲು ಹೆದರಿಕೆ. ಎರಡನೇ ಗೇರು ದಾಟಿದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು, ಅದಕ್ಕಾಗಿ ಸ್ಟೀರಿಂಗಿನಿಂದ ಕೈ ತೆಗೆಯುತ್ತಿದ್ದರು, ಕೈ ತೆಗೆದುದರಿಂದ ಹೆದರಿಕೆ ಇನ್ನೂ ಹೆಚ್ಚುತ್ತಿತ್ತು. ಸಾಲದ್ದಕ್ಕೆ ಅವರ ಶರೀರವೂ ಆ ಕಾರಿನದಲ್ಲ. ಕೊಬ್ಬರಿಯ ಬುಟ್ಟಿಯಲ್ಲಿ ಅಕ್ಕಿಮುಡಿ ಇಟ್ಟ ಹಾಗೆ ಕೂರುತ್ತಿದ್ದರು. ಹೊರಗೆ ಬರಲು ಇಬ್ಬರು ಬೇಕಾಗುತ್ತಿತ್ತು.

ಹೀಗೆ ಕಾರು ವರ್ಷಕ್ಕೊಮ್ಮೆ, ಜನವರಿಯಲ್ಲಿ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬಕ್ಕೆ ಮಾತ್ರ ಹೊರಡುತ್ತಿತ್ತು. ಆದರೆ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದ ಕೂಡಲೇ ಅದನ್ನು ಸ್ಟಾರ್ಟ್ ಮಾಡಲೇಬೇಕಿತ್ತು. ಆಚೀಚೆಯ ಮನೆಯವರು ಪಾಗಾರದ ಗೋಡೆಯ ಮೇಲಿನಿಂದ ನೋಡುತ್ತಿದ್ದರು. ಪೊರ್ಬುಗಳು ಕೋಟು ಬಿಚ್ಚದೆ ಒಳಗಿಳಿದು, ಸ್ಟಾರ್ಟರಿನ ಗುಬ್ಬಿ ಎಳೆಯುತ್ತಿದ್ದರು. ಬ್ಯಾಟರಿ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಆಮೇಲೆ ನಾನೂ ತೋಟದ ಕೆಲಸದವನೂ ಗೇಟಿನ ಇಳಿಜಾರಿನವರೆಗೆ ದೂಡುತ್ತಿದ್ದೆವು. ಇಂಜಿನ್ ಹತ್ತಿಕೊಂಡರೆ ಐದು ನಿಮಿಷ ಅಲ್ಲಿಯೇ ಗುರ್ರೆನಿಸಿ, ನಿಲ್ಲಿಸಿ, "ಈಗ ಚಾರ್ಜ್ ಆಯಿತು" ಎನ್ನುತ್ತಿದ್ದರು. ಸ್ಟಾರ್ಟ್ ಮಾಡಲು ಖರ್ಚಾದ ಶಕ್ತಿ ಐದು ನಿಮಿಷದಲ್ಲಿ ಮರಳುವುದಿಲ್ಲ, ಹೀಗೆ ಮಾಡುವುದಕ್ಕಿಂತ ಮುಟ್ಟದಿರುವುದು ಮೇಲು ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಯಾಕೆಂದರೆ ಅವರು ನೆರೆಯವರ ಮುಂದೆ ನನ್ನನ್ನು "ನಮ್ಮ ಇಂಜಿನಿಯರ್" ಎನ್ನುತ್ತಿದ್ದರು. ಶಾಲೆಯಲ್ಲಿ ಹೆಡ್ಮಾಸ್ತರರು ನನ್ನನ್ನು "ಏ ಹೊಸಬ" ಎಂದು ಕರೆಯುತ್ತಿದ್ದ ಕಾಲ ಅದು.

ಕೆಲವು ವಾರಗಳಿಗೊಮ್ಮೆ ಬ್ಯಾಟರಿ ಪೂರ್ತಿ ಮಲಗುತ್ತಿತ್ತು. ಆಗ ಬಂದರಿನ ಕಡೆಯ ಅಂಗಡಿಯಿಂದ ಒಬ್ಬ ಕೆಲಸದಾಳು ಬಂದು ಅದನ್ನು ಬಿಚ್ಚಿ, ಕೈಗಾಡಿಯಲ್ಲಿ ಒಯ್ದು, ಎರಡು ದಿನ ಚಾರ್ಜಿಗೆ ಇಟ್ಟು, ತಂದು ಕೂರಿಸುತ್ತಿದ್ದ. ಆ ಅಂಗಡಿ ಒಬ್ಬ ವಯಸ್ಸಾದ ಬ್ಯಾರಿಗಳದ್ದು; ನಮ್ಮ ಕರಾವಳಿಯ ಮುಸಲ್ಮಾನರನ್ನು ಹಾಗೆ ಕರೆಯುವುದು. ಉದ್ದದ ಬೆಂಚಿನ ಮೇಲೆ ಲಾರಿ, ಬಸ್ಸುಗಳ ಬ್ಯಾಟರಿಗಳು ತಂತಿ ಕಚ್ಚಿಕೊಂಡು ಸಾಲಾಗಿ ಗುಳುಗುಳು ಎನ್ನುತ್ತಿದ್ದವು. ಬ್ಯಾರಿಗಳು ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವರು. ನಾನು ಮೊದಲ ಸಲ ಹೋದಾಗಲೇ ಹೇಳಿದ್ದರು: "ಈ ಬ್ಯಾಟ್ರಿಗೆ ರೋಗ ಎಂತದ್ದೂ ಇಲ್ಲ ಮಾಷ್ಟ್ರೇ. ಕೆಲಸ ಇಲ್ಲ, ಅಷ್ಟೇ. ತಿಂದು ಮಲಗಿದವನಿಗೆ ಮತ್ತೆ ಮತ್ತೆ ಊಟ ಹಾಕಿದ್ರೆ ಎಂತ ಆಗ್ತದೆ? ವಾರಕ್ಕೆ ಹತ್ತು ಮೈಲು ಓಡಿಸ್ಲಿಕ್ಕೆ ಹೇಳಿ ಪೊರ್ಬುಗಳಿಗೆ."

ನಾನು ಅದನ್ನು ಹೇಳಿದೆ. ಪೊರ್ಬುಗಳು ವಾರಕ್ಕೆ ಹತ್ತು ಮೈಲು ಓಡಿಸುವ ಬದಲು ಮುಂಬಯಿಯಿಂದ ಒಂದು ಚಾರ್ಜರ್ ತರಿಸಿದರು.

ಅಲ್ಲಿಂದ ಬ್ಯಾಟರಿಯ ಸೇವೆ ಪೂರ್ತಿ ನನ್ನ ಪಾಲಿಗೆ ಬಂತು. ಬ್ಯಾಟರಿಯನ್ನು ಕಾರಿನಲ್ಲಿಯೇ ಬಿಟ್ಟು, ಚಾರ್ಜರಿನ ಎರಡು ಕ್ಲಿಪ್ಪುಗಳನ್ನು ಅದರ ಎರಡು ಗೂಟಗಳಿಗೆ, ಪ್ಲಸ್ ಎಂಬ ಕೂಡಿಸುವ ಗುರುತಿಗೆ ಕೂಡಿಸುವುದು, ಮೈನಸ್ ಎಂಬ ಕಳೆಯುವ ಗುರುತಿಗೆ ಕಳೆಯುವುದು ಎಂದು ಕಚ್ಚಿಸುತ್ತಿದ್ದೆ. ನೀರು ಇಳಿದರೆ ತುಂಬಲು ಶಾಲೆಯ ಲ್ಯಾಬಿನಿಂದ ಭಟ್ಟಿ ಇಳಿಸಿದ ನೀರನ್ನು ಶಾಯಿಯ ಬಾಟ್ಲಿಯಲ್ಲಿ ಕದ್ದು ತರುತ್ತಿದ್ದೆ. ನನ್ನ ಪಂಚೆಗಳಲ್ಲಿ ಆಸಿಡ್ ಹಾರಿದ ತೂತು ಇಲ್ಲದ್ದು ಒಂದೂ ಉಳಿಯಲಿಲ್ಲ. ಸಂಜೆ ಚಾರ್ಜರ್ ಹಾಕಿದರೆ ಇಡೀ ಮನೆಯ ಬಲ್ಬುಗಳು ಮಂಕಾಗುತ್ತಿದ್ದವು. ಪೊರ್ಬುಗಳ ಹೆಂಡತಿಯನ್ನು ನಾವು ಬಾಯಮ್ಮ ಎನ್ನುತ್ತಿದ್ದೆವು. ಅವರು ಅಡುಗೆಮನೆಯ ಕತ್ತಲಿನಲ್ಲಿ ಮೀನಿನ ಮುಳ್ಳು ಹುಡುಕುತ್ತಾ, "ಇನ್ನು ಅದರ ಎದುರು ಮೊಂಬತ್ತಿ ಹಚ್ಚಿ, ಜಪಮಾಲೆ ಹಿಡಿದು ತೇರ್ಸ ಹೇಳುವುದೊಂದು ಬಾಕಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಅವರು ಒಮ್ಮೆಯೂ ಆ ಕಾರಿನಲ್ಲಿ ಕೂತವರಲ್ಲ.

ಆ ವರ್ಷದ ಹಬ್ಬಕ್ಕೆ ಬಾಯಮ್ಮನ ಅಣ್ಣ ಕುವೈಟಿನಿಂದ ಬಂದರು. ಅಲ್ಲಿ ಎಣ್ಣೆ ಕಂಪೆನಿಯಲ್ಲಿ ಕೆಲಸ. ಮಾತಿಗೊಮ್ಮೆ ಅಲ್ಲಿಯ ಅಮೆರಿಕನ್ ಕಾರುಗಳ ಉದ್ದ ಹೇಳುತ್ತಿದ್ದರು. ಭಾವನನ್ನು ಬಗಲಲ್ಲಿ ಕೂರಿಸಿಕೊಂಡು ಬಿಕರ್ನಕಟ್ಟೆಗೆ ಹೋಗುವುದೆಂದು ಪೊರ್ಬುಗಳು ನಿಶ್ಚಯಿಸಿದರು. ಕಾರಿಗೆ ಮೇಣ ತಿಕ್ಕಲಾಯಿತು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಉಜ್ಜಲಾಯಿತು. ಮೂತಿ ಎತ್ತಿ ತೋರಿಸುವಾಗ ಕಪ್ಪು ಬ್ಯಾಟರಿ ಚೆಂದ ಕಾಣುವುದಿಲ್ಲವೆಂದು ಅದಕ್ಕೂ ಕಾರಿನದೇ ಕೆಂಪು ಬಣ್ಣ ಬಳಿಯಲು ಅಪ್ಪಣೆಯಾಯಿತು. ಅದಕ್ಕಾಗಿ ನಾನು ಮೊದಲ ಬಾರಿಗೆ ಅದನ್ನು ಬಿಚ್ಚಿ ಹೊರಗೆ ತೆಗೆದೆ. ಮಂಗಳೂರಿನಲ್ಲಿ ಕೆಂಪು ಬ್ಯಾಟರಿ ಅದೊಂದೇ ಇದ್ದಿರಬೇಕು.

ಬಣ್ಣ ಒಣಗಿ ಮರಳಿ ಕೂರಿಸುವಾಗ ನನಗೆ ಜ್ಞಾನೋದಯವಾಯಿತು. ಕೂಡಿಸುವ ಗುರುತಿನ ಗೂಟಕ್ಕೆ ಬರುವ ತಂತಿ ಕಾರಿನ ಕಬ್ಬಿಣದ ಮೈಗೆ ಹೋಗಿ ಬೋಲ್ಟಿನಲ್ಲಿ ಮುಗಿದಿತ್ತು! ಮೈಗೆ ಹೋಗಬೇಕಾದದ್ದು ಕಳೆಯುವ ಗುರುತಿನದ್ದು. ಬೋರ್ಡಿನ ಮೇಲೆ ಎಷ್ಟೋ ಸಲ ಹಾಗೆಯೇ ಚಿತ್ರ ಬರೆದವನು ನಾನು. ಬಂದರಿನ ಅಂಗಡಿಯವರು ವರ್ಷಗಳಿಂದ ತಿರುಗಿಸಿ ಹಾಕುತ್ತಿದ್ದಾರೆ, ಬ್ಯಾಟರಿ ಸಾಯಲು ಇದೇ ಕಾರಣ ಎಂದು ನಾನು ಅಲ್ಲಿಯೇ ತೀರ್ಪು ಕೊಟ್ಟೆ. ಓಡಿ ಹೋಗಿ ಪೊರ್ಬುಗಳಿಗೆ ಹೇಳಿದೆ. ಅವರು ಭಾವನನ್ನು ಕರೆದು, "ನೋಡಿ, ಕಲಿತವರು ಮನೆಯಲ್ಲಿ ಇದ್ರೆ ಹೀಗೆ" ಎಂದರು.

ತಂತಿ ತಿರುಗಿಸಿ ಹಾಕಿದೆ. ಒಂದು ಗೂಟ ದಪ್ಪ, ಇನ್ನೊಂದು ಸಪೂರ. ತಂತಿಯ ತುದಿಯ ಬಳೆಗಳೂ ಹಾಗೆಯೇ ಇದ್ದವು. ಆದ್ದರಿಂದ ಒಂದು ಬಳೆ ಕೂರಲೇ ಇಲ್ಲ, ಇನ್ನೊಂದು ಸಡಿಲವಾಯಿತು. ತಪ್ಪು ಮಾಡಬಾರದೆಂದೇ ಯಾರೋ ಹಾಗೆ ಮಾಡಿದ್ದಾರೆಂದು ನನ್ನ ಬಿ.ಎಸ್ಸಿ. ತಲೆಗೆ ಹೊಳೆಯಲಿಲ್ಲ. ಕೂರದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಸಡಿಲವಾದದ್ದಕ್ಕೆ ಸಿಗರೇಟು ಡಬ್ಬದ ತಗಡು ಸುತ್ತಿದೆ.

ಹಬ್ಬದ ಬೆಳಿಗ್ಗೆ ಪೊರ್ಬುಗಳು ಗುಬ್ಬಿ ಎಳೆದರು. ಇಂಜಿನ್ ಒಂದೇ ಉಸಿರಿಗೆ ಹತ್ತಿಕೊಂಡಿತು. ಪಾಗಾರದ ಮೇಲೆ ಚಪ್ಪಾಳೆ ಬಿತ್ತು. ಭಾವ ಕಪ್ಪು ಕನ್ನಡಕ ಹಾಕಿಕೊಂಡು ಪೊರ್ಬುಗಳ ಪಕ್ಕದಲ್ಲಿ ಉಳಿದಿದ್ದ ಸಂದಿಯಲ್ಲಿ ಸೇರಿಕೊಂಡರು. ಬಾಯಮ್ಮ ಬಸ್ಸಿಗೆ ಹೊರಟಿದ್ದವರು ನೋಡಲು ನಿಂತರು. ನಾನು ಸೈಕಲ್ಲಿನಲ್ಲಿ ನೀರಿನ ಬಾಟ್ಲಿ, ಸ್ಪ್ಯಾನರು ಕಟ್ಟಿಕೊಂಡು ಕಾರಿನ ಹಿಂದೆ ಹೋಗುವುದೆಂದು ಏರ್ಪಾಡಾಗಿತ್ತು. ಹಿಂದೆ ಉಳಿಯಲು ನಾನು ಬಹಳ ಕಷ್ಟಪಡಬೇಕಾಯಿತು.

ಮಂಗಳಾದೇವಿಯ ರಸ್ತೆಗೆ ತಿರುಗುವಷ್ಟರಲ್ಲಿ ಕಾರಿನ ಮೂತಿಯ ಎರಡೂ ಬದಿಯಿಂದ ಹೊಗೆ ಬರಲು ತೊಡಗಿತು. ಮೊದಲು ತೆಳ್ಳಗೆ, ಆಮೇಲೆ ಹಸಿ ಸೌದೆ ಒಟ್ಟಿದಂತೆ. ಪೊರ್ಬುಗಳಿಗೆ ಕಾಣಲಿಲ್ಲ, ಅವರು ಕಣ್ಣು ಮುಚ್ಚಿ ಎರಡನೇ ಗೇರಿಗೆ ಹೋಗುತ್ತಿದ್ದರು. ಭಾವ ಮಾತ್ರ ಕೊಂಕಣಿಯಲ್ಲಿ ದೇವರನ್ನು ಕೂಗಿ, ಕಾರು ನಿಲ್ಲುವ ಮೊದಲೇ ಬದಿಯಿಂದ ಹಾರಿದರು. ಹಾರುವುದು ಸುಲಭ, ಬಾಗಿಲು ಮೊಣಕಾಲೆತ್ತರಕ್ಕೆ ಮಾತ್ರ ಇತ್ತು. ಕಾರು ನಿಂತ ಕೂಡಲೇ ನಾನು ಸೈಕಲ್ ಎಸೆದು ಮೂತಿ ಎತ್ತಿ, ತಗಡು ಸುತ್ತಿದ ಬಳೆಯನ್ನು ಕಿತ್ತೆ. ಅದು ಸಡಿಲವಿದ್ದದ್ದೇ ಪುಣ್ಯ. ನನ್ನ ಬೆರಳು ಸುಟ್ಟವು. ಪೊರ್ಬುಗಳು ಒಳಗೇ ಇದ್ದರು. ಅವರನ್ನು ಎತ್ತಲು ಇಬ್ಬರು ಬೇಕು, ನಾನು ಒಬ್ಬನೇ ಇದ್ದೆ.

ಹೂವಿನ ಅಂಗಡಿಯವರು, ದೇವಸ್ಥಾನಕ್ಕೆ ಹೋಗುವವರು, ಹಬ್ಬಕ್ಕೆ ಹೊರಟವರು ಎಲ್ಲ ಸುತ್ತ ನಿಂತರು. ಯಾರೋ ಬಂದರಿಗೆ ಸುದ್ದಿ ಮುಟ್ಟಿಸಿದರು. ಬ್ಯಾರಿಗಳು ಬಂದು ಒಮ್ಮೆ ಬಗ್ಗಿ ನೋಡಿ, ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು:

"ಇದನ್ನು ತಿರುಗಿಸಿ ಹಾಕಿದ್ದು ಯಾರು?"

ನಾನು ಬಿದ್ದಿದ್ದ ಸೈಕಲ್ಲನ್ನು ಎತ್ತಲು ಹೋದೆ. ಪೊರ್ಬುಗಳು ನನ್ನನ್ನು ನೋಡಿದರು, ಭಾವನನ್ನು ನೋಡಿದರು. ನನ್ನ ಹೆಸರು ಹೇಳಿದರೆ ತಾವು ಹೊಗಳಿದ್ದೂ ಹೊರಗೆ ಬರುತ್ತದೆ.

"ತಿರುಗಿಸಿದ್ದಲ್ಲ, ಸರಿ ಮಾಡಿದ್ದು. ಮೊದಲು ತಪ್ಪಿತ್ತು" ಎಂದರು.

"ತಪ್ಪಿರಲಿಲ್ಲ ಪೊರ್ಬುಗಳೇ. ಈ ಗಾಡಿಗೆ ಪ್ಲಸ್ಸೇ ಅರ್ತ್, ಮೈಗೆ ಹೋಗುವುದು ಅದೇ. ಆ ಕಾಲದ ಇಂಗ್ಲಿಷ್ ಗಾಡಿ ಎಲ್ಲ ಹಾಗೆಯೇ. ತಿರುಗಿಸಿದ್ರೂ ಸ್ಟಾರ್ಟ್ ಆಗ್ತದೆ. ಆದ ಮೇಲೆ ಡೈನಮೋ ಒಂದು ಕಡೆ ಎಳೀತದೆ, ಬ್ಯಾಟ್ರಿ ಒಂದು ಕಡೆ. ನಡುವೆ ವಯರು ಸುಡ್ತದೆ."

"ಹಾಗಾದ್ರೆ ತಪ್ಪು ಇಂಗ್ಲಿಷಿನವನದ್ದು" ಎಂದು ಪೊರ್ಬುಗಳು ಗುಡುಗಿದರು. "ಪ್ಲಸ್ ಯಾವುದು ಮೈನಸ್ ಯಾವುದು ಅಂತ ಗೊತ್ತಿಲ್ಲದವರು ನಮ್ಮನ್ನು ಇನ್ನೂರು ವರ್ಷ ಆಳಿದರಲ್ಲ!"

ಗುಂಪಿನಲ್ಲಿ ಕೆಲವರು ಹೌದೆಂದು ತಲೆಯಾಡಿಸಿದರು. ಬಾಯಮ್ಮ ಅಷ್ಟರಲ್ಲಿ ನಡೆದುಕೊಂಡು ಅಲ್ಲಿಗೆ ಬಂದಿದ್ದರು. ಅಣ್ಣನ ಕೈ ಹಿಡಿದು ಬಸ್ಸು ಹತ್ತಿಸಿದರು. ನಾವು ಕಾರನ್ನು ಮನೆಗೆ ದೂಡಿದೆವು. ಪೊರ್ಬುಗಳು ಸ್ಟೀರಿಂಗ್ ಹಿಡಿದು ಒಳಗೇ ಕೂತಿದ್ದರು.

ನನಗೆ ಎರಡು ದಿನ ಪಾಠ ಮಾಡಲು ಬಾಯಿ ಬರಲಿಲ್ಲ. ಮೂರನೇ ದಿನ ಬಂದರಿಗೆ ಹೋಗಿ, "ಬ್ಯಾರಿಗಳೇ, ಅದು ನಾನು ಮಾಡಿದ್ದು" ಎಂದೆ.

"ಗೊತ್ತುಂಟು" ಎಂದರು ಅವರು, ಕೈ ಒರೆಸಿಕೊಳ್ಳುತ್ತಾ. "ಸುತ್ತಿಗೆಯಲ್ಲಿ ಬಡಿದದ್ದು ಕಂಡಿತು. ಕಲಿಯದವ ಆದ್ರೆ ಗೂಟ ಕೂರ್ಲಿಲ್ಲ ಅಂತ ಅಲ್ಲಿಗೇ ನಿಲ್ಲಿಸ್ತಿದ್ದ. ಬಡಿದು ಕೂರಿಸ್ಲಿಕ್ಕೆ ಸ್ವಲ್ಪ ಕಲಿತಿರಬೇಕು."

ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ನನ್ನನ್ನು ಯಾರೂ ಬೈದದ್ದಿಲ್ಲ. ಚಹಾ ತರಿಸಿ ಕುಡಿಸಿದರು. ಆಮೇಲೆ ಒಂದು ಉಪಾಯ ಹೇಳಿದರು. ಕಾರನ್ನು ಓಡಿಸಲು ಪೊರ್ಬುಗಳಿಂದ ಆಗುವುದಿಲ್ಲ. ಹಾಗಾದರೆ ಬ್ಯಾಟರಿಯನ್ನಾದರೂ ಓಡಿಸೋಣ. ಅವರ ಅಂಗಡಿಯ ಪಕ್ಕದಲ್ಲಿ ಅವರ ಅಳಿಯನ ಮೈಕ್ ಸೆಟ್ಟು ಇತ್ತು. ಅದು ನಡೆಯುವುದು ಕಾರಿನ ಬ್ಯಾಟರಿಯಲ್ಲಿ. "ವಾರ ಇಡೀ ಇಲ್ಲಿ ದುಡೀಲಿ. ಶನಿವಾರ ಚಾರ್ಜ್ ಮಾಡಿ ಕಳಿಸ್ತೇನೆ. ಭಾನುವಾರ ಅವರು ಗುಬ್ಬಿ ಎಳೆದುಕೊಳ್ಳಲಿ." ಪೊರ್ಬುಗಳಿಗೆ ಏನು ಹೇಳುವುದೆಂದು ಕೇಳಿದೆ. "ಆಸ್ಪತ್ರೆಯಲ್ಲಿ ಉಂಟು ಅಂತ ಹೇಳಿ."

ಹಾಗೆಯೇ ಹೇಳಿದೆ. ಬ್ಯಾರಿಗಳು ಸುಟ್ಟ ತಂತಿಗಳನ್ನು ಬದಲಾಯಿಸಿದರು, ಸರಿಯಾದ ಬಳೆ ಸರಿಯಾದ ಗೂಟಕ್ಕೆ ಕೂತಿತು. ಬ್ಯಾಟರಿ ಕೆಲಸಕ್ಕೆ ಸೇರಿತು. ಮದುವೆಗಳಲ್ಲಿ ಹಾಡಿತು, ಉರೂಸಿನಲ್ಲಿ ಹಾಡಿತು, ಇಗರ್ಜಿಯ ಹಬ್ಬದಲ್ಲಿ ಜನರನ್ನು ಸಾಲಾಗಿ ನಿಲ್ಲಲು ಹೇಳಿತು, ಬಯಲಾಟದ ಭಾಗವತರ ಸ್ವರವನ್ನು ನದಿಯ ಆಚೆ ದಡಕ್ಕೆ ಮುಟ್ಟಿಸಿತು. ಭಾನುವಾರ ಗುಬ್ಬಿ ಎಳೆದರೆ ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತಿತ್ತು. ದೂಡುವ ಕೆಲಸ ತಪ್ಪಿತು. ಪೊರ್ಬುಗಳು ನೆರೆಯವರಿಗೆ ಇದು ಕೆಂಪು ಬಣ್ಣದ ಗುಣ ಎಂದು ವಿವರಿಸುತ್ತಿದ್ದರು. ಬಾಯಮ್ಮನಿಗೆ ಮಾತ್ರ ಸಂಗತಿ ತಿಳಿದಿತ್ತು. ಸಂಬಂಧಿಕರ ಮದುವೆಯೊಂದರಲ್ಲಿ ಅವರು ಅದನ್ನು ಕಂಡು ಗುರುತು ಹಿಡಿದಿದ್ದರು. ಗಂಡನಿಗೆ ಹೇಳಿರಲಿಲ್ಲ.

ಹೀಗೆ ಸುಮಾರು ಒಂದು ವರ್ಷ ನಡೆಯಿತು. ಒಂದು ಸಂಜೆ ನಾನು ಶಾಲೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಪೊರ್ಬುಗಳಿಗೆ ಪಾಲಿದ್ದ ಹಂಚಿನ ಕಾರ್ಖಾನೆಯ ಗೇಟಿನ ಮುಂದೆ ಕೆಲಸಗಾರರ ಸಭೆ ಸೇರಿತ್ತು. ಬೋನಸ್ಸಿನ ಗಲಾಟೆ. ಬೆಂಚಿನ ಮೇಲೆ ಯೂನಿಯನ್ನಿನ ಮುಂದಾಳು ನಿಂತು ಮೈಕಿನಲ್ಲಿ ಮಾತಾಡುತ್ತಿದ್ದ. ಅವನ ಕಾಲಬುಡದಲ್ಲಿ ಕೆಂಪು ಬ್ಯಾಟರಿ ಇತ್ತು. ಯೂನಿಯನ್ನಿನವರಿಗೆ ಅದರ ಬಣ್ಣ ಬಹಳ ಹಿಡಿಸಿತ್ತು. ಬೇರೆಯದು ಬೇಡ, ಅದೇ ಬೇಕು ಎಂದಿದ್ದರಂತೆ. ನಾನು ತಿರುಗಿ ಹೋಗುವಷ್ಟರಲ್ಲಿ ರಸ್ತೆಯ ಅಂಚಿನಲ್ಲಿ ಪೊರ್ಬುಗಳು ಕಂಡರು. ಸಂಜೆಯ ನಡಿಗೆಗೆ ಬಂದವರು ಕೋಲೂರಿ ನಿಂತಿದ್ದರು.

"ಹಂಚು ಸುಡುವುದು ನಾವು!" ಎಂದು ಮೈಕು ಗುಡುಗಿತು. "ಬೆವರು ನಮ್ಮದು, ಕಾರು ಅವರದು! ಕಾರು ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದ್ರೆ ಓಡಿಸ್ಲಿಕ್ಕಾದ್ರೂ ಬರಬೇಕಲ್ಲ!"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮಂಗಳಾದೇವಿಯ ರಸ್ತೆಯ ಹೊಗೆಯನ್ನು ನೋಡದವರು ಬೋಳಾರದಲ್ಲಿ ಯಾರಿದ್ದರು?

ಪೊರ್ಬುಗಳು ತಿರುಗದೆಯೇ ಮೆಲ್ಲಗೆ ಕೇಳಿದರು, "ಮಾಷ್ಟ್ರೇ, ಅದು ನಮ್ಮದಲ್ಲವಾ?"

"ಹೌದು."

"ಆಸ್ಪತ್ರೆಯಲ್ಲಿ ಉಂಟು ಅಂತ ಹೇಳಿದ್ರಿ."

"ಆಸ್ಪತ್ರೆಯವರೇ ಕಳಿಸಿದ್ದು. ವ್ಯಾಯಾಮಕ್ಕೆ."

ಅವರ ಕೋಲು ಒಮ್ಮೆ ನೆಲ ಬಿಟ್ಟು ಎದ್ದಿತು, ಮತ್ತೆ ಇಳಿಯಿತು. ಆ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಇದು ನನ್ನ ಬ್ಯಾಟರಿ ಎಂದು ಹೇಳಿದರೆ ಏನಾಗುತ್ತಿತ್ತೆಂದು ಅವರಿಗೂ ಗೊತ್ತಿತ್ತು. ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಭಾಷಣ ಒಂದೂವರೆ ಗಂಟೆ ನಡೆಯಿತು. ಅವರ ತಂದೆಯ ಕಾಲದಿಂದ ಹಿಡಿದು ಎಲ್ಲ ಬಂತು. ಪೊರ್ಬುಗಳು ನಿಂತೇ ಕೇಳಿದರು. ಕೊನೆಯವರೆಗೂ ಸ್ವರ ಒಂದು ಚೂರೂ ಇಳಿಯಲಿಲ್ಲ.

ಇಬ್ಬರೂ ಮನೆಯ ಕಡೆ ನಡೆದೆವು. ಗೇಟಿನ ಹತ್ತಿರ ಬಂದಾಗ, "ಎಷ್ಟು ಗಟ್ಟಿ ಇತ್ತು ಅಲ್ಲವಾ" ಎಂದರು. ಬೈಗುಳದ ಬಗ್ಗೆಯೋ ಬ್ಯಾಟರಿಯ ಬಗ್ಗೆಯೋ ತಿಳಿಯಲಿಲ್ಲ. ಆದರೆ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇದ್ದದ್ದನ್ನು ನಾನು ಕಂಡೆ.

ಜಗಲಿಯಲ್ಲಿ ಕೂತಿದ್ದ ಬಾಯಮ್ಮ, "ಇಲ್ಲಿಗೂ ಕೇಳಿತು. ಒಂದು ಶಬ್ದ ಬಿಡದೆ" ಎಂದರು.

ಮರುದಿನವೇ ಬ್ಯಾಟರಿ ಮನೆಗೆ ಬಂತು, ಚಾರ್ಜರಿನ ಮುಂದೆ ಕೂತಿತು. ಎರಡು ತಿಂಗಳಾಗುವ ಮೊದಲೇ ಭಾನುವಾರಗಳಲ್ಲಿ ನರಳಲು ತೊಡಗಿತು. ಅಷ್ಟರಲ್ಲಿ ಕಾರ್ಖಾನೆಯವರು ಬೋನಸ್ಸಿಗೆ ಒಪ್ಪಿದ್ದರು. ಒಂದು ದಿನ ಪೊರ್ಬುಗಳು ಬ್ಯಾಟರಿಯನ್ನು ಕೈಗಾಡಿಯಲ್ಲಿ ಇಡಿಸಿ ತಾವೇ ಬಂದರಿಗೆ ಹೋದರು. ಬೇಕಾದರೆ ಬ್ಯಾಟರಿ ತೆಗೆದುಕೊಳ್ಳಿ, ಆದರೆ ಯೂನಿಯನ್ನಿಗೆ ಮಾತ್ರ ಕೊಡಬಾರದು ಎಂದರಂತೆ. ಬ್ಯಾರಿಗಳು, "ಮೈಕಿನ ಎದುರು ಯಾರು ನಿಂತಿದ್ದಾರೆ ಅಂತ ಬ್ಯಾಟ್ರಿಗೆ ಗೊತ್ತಾಗುವುದಿಲ್ಲ ಪೊರ್ಬುಗಳೇ. ನಾನೂ ಕೇಳುವುದಿಲ್ಲ" ಎಂದರಂತೆ. ಪೊರ್ಬುಗಳು ಬ್ಯಾಟರಿಯನ್ನು ಅಲ್ಲಿಯೇ ಬಿಟ್ಟು ಬಂದರು.

ಯೂನಿಯನ್ನಿನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿರಲಿಲ್ಲ, ಬ್ಯಾರಿಗಳ ಮೇಲೆ ಸಿಟ್ಟು ಮಾಡುವ ಧೈರ್ಯವಿರಲಿಲ್ಲ, ಬ್ಯಾಟರಿಯ ಮೇಲೆ ಸಿಟ್ಟೇ ಇರಲಿಲ್ಲ. ಉಳಿದವನು ನಾನು. ನನ್ನ ಕೋಣೆಗಳ ಮಾಡು ರಿಪೇರಿ ಮಾಡಬೇಕಾಗಿದೆ, ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದು ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಹಂಚಿನ ಕಾರ್ಖಾನೆಯ ಪಾಲುದಾರರ ಮನೆಯಲ್ಲಿ ಸೋರುತ್ತಿದ್ದ ಹಂಚು ಯಾವುದೆಂದು ನನಗೆ ಕೊನೆಯವರೆಗೂ ಸಿಗಲಿಲ್ಲ. ಕೊಟ್ಟಾರದಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿಯ ಯಜಮಾನನಿಗೆ ಸೈಕಲ್ಲೂ ಇರಲಿಲ್ಲ.

ಹೊರಡುವ ದಿನ ಬಾಯಮ್ಮ ಒಂದು ಜಾಡಿ ಮಾವಿನ ಉಪ್ಪಿನಕಾಯಿ ಕೊಟ್ಟರು.

"ಅವರಿಗೆ ಸಿಟ್ಟು ನಿಮ್ಮ ಮೇಲೆ ಅಲ್ಲ ಮಾಷ್ಟ್ರೇ. ಬೈದದ್ದು ತಾಗಲಿಲ್ಲ. ಎಲ್ಲರೂ ನಗಾಡಿದ್ದು ತಾಗಿದ್ದು."

"ನನಗೂ ನಗು ಬಂದಿತ್ತು ಬಾಯಮ್ಮ. ಅವರು ನೋಡಿರಬೇಕು."

"ನನಗೆ ಬಂದಷ್ಟು ಬಂದಿರ್ಲಿಕ್ಕಿಲ್ಲ" ಎಂದು ಅವರು ಜಾಡಿಯ ಬಾಯಿಗೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿದರು. "ಬಸ್ಸಿನಲ್ಲಿ ಓರೆ ಮಾಡಬೇಡಿ, ಎಣ್ಣೆ ಚೆಲ್ಲುತ್ತದೆ."